ಐದು ಸ್ವಿಚ್ ಇದ್ದಲ್ಲಿ ಮೂರು ಸಾಕಾದವು

ಸ್ವಿಚ್ ಅಂದರೆ ಇಲ್ಲಿ ದೀಪದ ಸ್ವಿಚ್ ಅಲ್ಲ, ಆಫೀಸಿನ ಕಂಪ್ಯೂಟರ್‌ಗಳನ್ನು ಕೇಬಲ್‌ನಿಂದ ಒಂದಕ್ಕೊಂದು ಜೋಡಿಸುವ ನೆಟ್‌ವರ್ಕ್ ಡಬ್ಬಿ. ಅದರಲ್ಲಿ ಕೇಬಲ್ ಸಿಕ್ಕಿಸುವ ಜಾಗವೇ ಪೋರ್ಟ್. ಸ್ವಿಚ್‌ಗೆ ಸ್ವಿಚ್ ಜೋಡಿಸುವುದು ಹೇಗೆ ಅಂತ ಕೇಳಿದರೆ ಉತ್ತರ ಒಂದೇ ಸಾಲಿನದು. ಇದರ ಒಂದು ಪೋರ್ಟ್‌ನಿಂದ ಅದರ ಒಂದು ಪೋರ್ಟ್‌ಗೆ ಕೇಬಲ್ ಹಾಕಿ, ಮುಗೀತು. ಹಿಂದೆ ಇದಕ್ಕೆ ಬೇರೆ ಕ್ರಾಸ್ ಕೇಬಲ್ ಬೇಕಿತ್ತು. ಇಲ್ಲವೇ ಸ್ವಿಚ್‌ನಲ್ಲಿ ಅಪ್‌ಲಿಂಕ್ ಅಂತ ಬರೆದ ಪೋರ್ಟ್ ಇರುತ್ತಿತ್ತು. ಈಗಿನ ಸ್ವಿಚ್‌ಗಳು ಯಾವ ತಂತಿಯಲ್ಲಿ ಕಳಿಸಬೇಕು, ಯಾವುದರಲ್ಲಿ ಕೇಳಬೇಕು ಅನ್ನೋದನ್ನು ತಾವೇ ನೋಡಿಕೊಳ್ಳುತ್ತವೆ.

ಇಷ್ಟು ಸುಲಭ ಇರುವುದರಿಂದಲೇ ಕೆಡುತ್ತದೆ. ಪೋರ್ಟ್ ಸಾಲದೇ ಹೋದಾಗ ಯಾರೋ ಒಬ್ಬರು ಬಜಾರಿನಿಂದ ಐದು ಪೋರ್ಟಿನ ಡಬ್ಬಿ ತಂದು ಸಿಕ್ಕಿಸುತ್ತಾರೆ. ವರ್ಷಕ್ಕೊಂದು ಹೀಗೆ ಸೇರುತ್ತಾ ಹೋಗುತ್ತದೆ. ಕೊನೆಗೆ ಯಾವ ಕೇಬಲ್ ಎಲ್ಲಿಂದ ಎಲ್ಲಿಗೆ ಹೋಗಿದೆ ಅನ್ನೋದು ಆ ಆಫೀಸಿನಲ್ಲಿ ಒಬ್ಬರಿಗೂ ಗೊತ್ತಿರುವುದಿಲ್ಲ.

ನಾನು ಕಲಬುರಗಿಯಲ್ಲಿ ಸಣ್ಣ ಆಫೀಸುಗಳಿಗೆ ನೆಟ್‌ವರ್ಕ್ ಹಾಕುವ ಕೆಲಸ ಮಾಡುತ್ತೇನೆ. ಊರಾಚೆಯ ಒಂದು ದಾಲ್ ಮಿಲ್‌ನಲ್ಲಿ ಮಾಡಿದ ಕೆಲಸವನ್ನು ಇಲ್ಲಿ ಬರೆಯುತ್ತಿದ್ದೇನೆ. ನನಗೆ ಅತಿ ಹೆಚ್ಚು ಕಲಿಸಿದ ಕೆಲಸ ಅದು.

ಜನವರಿ ತಿಂಗಳು. ತೊಗರಿ ಆವಕ ಜೋರಾಗಿದ್ದ ದಿನಗಳು. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಅಲ್ಲಿನ ಮುನೀಮರ ಫೋನ್ ಬಂತು. "ಎಲ್ಲಾ ಬಂದ್ ಆಗ್ಯದರಿ ಅಣ್ಣಾ. ಬಿಲ್ ಹೊಂಟಿಲ್ಲ, ಕಾಟಾ ಕಂಪ್ಯೂಟರ್ ಸುದ್ದ ನಿಂತದ. ಗಾಡಿ ಸಾಲಾಗಿ ನಿಂತಾವ, ಲಗೂ ಬರ್ರಿ." ಅಲ್ಲಿಯವರೆಗೆ ಆ ಆಫೀಸಿಗೆ ನಾನು ಪ್ರಿಂಟರ್ ರಿಪೇರಿಗೆ ಮಾತ್ರ ಹೋಗುತ್ತಿದ್ದೆ. ಹೋಗಿ ನೋಡಿದರೆ ಗೇಟಿನಿಂದ ರಸ್ತೆಯವರೆಗೆ ಲಾರಿ, ಟ್ರ್ಯಾಕ್ಟರ್ ನಿಂತಿದ್ದವು. ಹಮಾಲರು ಚೀಲದ ಮೇಲೆ ಕೂತಿದ್ದರು. ಗಾಡಿ ತೂಗುವ ಕಾಟಾದಿಂದ ತೂಕದ ಚೀಟಿ ಬಾರದೆ ಒಂದು ಗಾಡಿಯೂ ಒಳಗೆ ಹೋಗುವಂತಿರಲಿಲ್ಲ.

ಮುನೀಮರ ಟೇಬಲ್ ಕೆಳಗೆ ಬಗ್ಗಿ ನೋಡಿದೆ. ಎಂಟು ಪೋರ್ಟಿನ ಸ್ವಿಚ್. ಮಾಮೂಲಿ ದಿನ ಸ್ವಿಚ್‌ನ ದೀಪಗಳು ಜೋಳದ ಅರಳು ಸಿಡಿದಂತೆ ಅಲ್ಲೊಂದು ಇಲ್ಲೊಂದು ಮಿಣುಕುತ್ತವೆ. ಒಂದಕ್ಕೊಂದು ಸಂಬಂಧ ಇರುವುದಿಲ್ಲ. ಅವತ್ತು ಕೇಬಲ್ ಇದ್ದ ಪೋರ್ಟ್‌ಗಳ ದೀಪಗಳೆಲ್ಲ ಒಟ್ಟಿಗೆ, ಒಂದೇ ತಾಳಕ್ಕೆ, ಬಿಡುವೇ ಇಲ್ಲದೆ ಪಟಪಟ ಹೊಡೆದುಕೊಳ್ಳುತ್ತಿದ್ದವು. ಕೆಳಗಿನ ಬಿಲ್ಲಿಂಗ್ ಕೋಣೆಯ ಸ್ವಿಚ್‌ನಲ್ಲೂ ಅದೇ ತಾಳ. ಇದನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಎಲ್ಲೋ ಸುತ್ತು ಬಿದ್ದಿದೆ ಅಂತ ಅರ್ಥ. ನಮ್ಮ ಕೆಲಸದಲ್ಲಿ ಇದಕ್ಕೆ ಲೂಪ್ ಅಂತೀವಿ.

ಒಂದು ಕಂಪ್ಯೂಟರ್ "ಈ ನಂಬರಿನ ಮಷೀನ್ ಯಾರು?" ಅಂತ ಎಲ್ಲರನ್ನೂ ಕೇಳುತ್ತದೆ. ಸ್ವಿಚ್ ಆ ಪ್ರಶ್ನೆಯನ್ನು ಅದು ಬಂದ ಪೋರ್ಟ್ ಒಂದನ್ನು ಬಿಟ್ಟು ಉಳಿದೆಲ್ಲದಕ್ಕೂ ಕಳಿಸುತ್ತದೆ. ಎರಡು ಸ್ವಿಚ್‌ಗಳ ನಡುವೆ ಎರಡು ಕೇಬಲ್ ಇದ್ದರೆ ಪ್ರಶ್ನೆ ಒಂದರಲ್ಲಿ ಹೋಗಿ ಇನ್ನೊಂದರಲ್ಲಿ ವಾಪಸ್ ಬರುತ್ತದೆ, ಮತ್ತೆ ಹೋಗುತ್ತದೆ. ಐಪಿ ಪ್ಯಾಕೆಟ್ ಅನ್ನೋ ಡೇಟಾ ಕಟ್ಟಿನಲ್ಲಿ ಒಂದು ಎಣಿಕೆ ಇರುತ್ತದೆ. ಪ್ರತಿ ರೂಟರ್ ದಾಟಿದಾಗ ಒಂದೊಂದೇ ಕಡಿಮೆಯಾಗಿ ಸೊನ್ನೆಗೆ ಬಂದರೆ ಪ್ಯಾಕೆಟ್ ಸಾಯುತ್ತದೆ. ಸ್ವಿಚ್‌ಗಳ ನಡುವೆ ಓಡುವ ಈಥರ್ನೆಟ್ ಫ್ರೇಮ್ ಅನ್ನೋ ಕಟ್ಟಿಗೆ ಆ ಎಣಿಕೆಯೇ ಇಲ್ಲ. ಅದು ಸಾಯುವುದಿಲ್ಲ, ಸುತ್ತುತ್ತಲೇ ಇರುತ್ತದೆ. ಕೆಲವೇ ಸೆಕೆಂಡುಗಳಲ್ಲಿ ದಾರಿ ತುಂಬಿ ಹೋಗಿ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ.

ಹುಡುಕಿದ್ದು ಹೀಗೆ. ಸ್ವಿಚ್‌ನಿಂದ ಸ್ವಿಚ್‌ಗೆ ಹೋಗುವ ಕೇಬಲ್‌ಗಳನ್ನು ಒಂದೊಂದಾಗಿ ಕಿತ್ತು, ಐದು ಸೆಕೆಂಡ್ ಕಾದು, ದೀಪ ನೋಡುವುದು. ಸಾಹುಕಾರರ ಕ್ಯಾಬಿನ್‌ಗೆ ಹೋಗುವ ಕೇಬಲ್ ಕಿತ್ತಾಗ ತಾಳ ನಿಂತಿತು. ಕೆಳಗಿನಿಂದ ಪ್ರಿಂಟರ್ ಗರಗರ ಅಂದದ್ದು ಕೇಳಿಸಿತು. ಕ್ಯಾಬಿನ್‌ನಲ್ಲೂ ಒಂದು ಸ್ವಿಚ್ ಇತ್ತು. ಅಲ್ಲಿಂದ ಹಳೇ ಕೇಬಲ್ ಒಂದು ಮುನೀಮರ ಟೇಬಲ್‌ವರೆಗೆ ಬಂದು ಸುಮ್ನೆ ಬಿದ್ದಿತ್ತಂತೆ. ಬೆಳಿಗ್ಗೆ ಕಸ ಗುಡಿಸುವಾಗ ಟೇಬಲ್ ಸರಿಸಿದ್ದಾರೆ. ಸಡಿಲ ತುದಿ ಕಂಡ ಆಫೀಸ್ ಹುಡುಗ ಕಳಚಿದೆ ಅಂದುಕೊಂಡು ಖಾಲಿ ಪೋರ್ಟ್‌ಗೆ ಹಾಕಿದ್ದಾನೆ. ಅವನದು ತಪ್ಪಲ್ಲ. ಯಾರಾದರೂ ಅದನ್ನೇ ಮಾಡುತ್ತಿದ್ದರು. ಆ ತುದಿಗೆ ಒಂದು ಹೆಸರಿನ ಚೀಟಿ ಇದ್ದಿದ್ದರೆ ಹುಡುಗ ಕೈ ಹಚ್ಚುತ್ತಿರಲಿಲ್ಲ.

ಸಂಜೆ ಸಾಹುಕಾರರು ಚಹಾ ತರಿಸಿ ಕೂಡಿಸಿಕೊಂಡು, "ಮತ್ತ ಹಿಂಗ ಆಗಬಾರದು ನೋಡ್ರಿ. ಏನ್ ಹಾಕ್ಬೇಕೋ ಹಾಕ್ರಿ" ಅಂದರು. ಸುಗ್ಗಿ ಮುಗಿಯಲಿ ಅಂದೆ. ಆವಕ ಇಳಿದ ಮೇಲೆ ಏಪ್ರಿಲ್‌ನಲ್ಲಿ ಕೆಲಸ ಹಿಡಿದೆ.

ಮೊದಲ ಎರಡು ದಿನ ಒಂದು ತಂತಿಯನ್ನೂ ಎಳೆಯಲಿಲ್ಲ. ಹಾಳೆ, ಪೆನ್ನು, ಟೋನರ್ ಹಿಡಿದುಕೊಂಡು ಇದ್ದದ್ದನ್ನು ಬರೆದುಕೊಂಡೆ. ಟೋನರ್ ಅಂದರೆ ಕೇಬಲ್‌ನ ಒಂದು ತುದಿಗೆ ಸದ್ದು ಬಿಟ್ಟು ಇನ್ನೊಂದು ತುದಿಯನ್ನು ಕಡ್ಡಿಯಿಂದ ಹುಡುಕುವ ಸಾಧನ. ಅದಿಲ್ಲದವರು ಒಂದು ತುದಿ ಕಿತ್ತು, ಆ ಕಡೆ ಯಾವ ದೀಪ ಆರಿತು ಅಂತ ಇನ್ನೊಬ್ಬರನ್ನು ಕೇಳಿ ಬರೆದುಕೊಳ್ಳಬಹುದು. ಒಟ್ಟು 27 ಕೇಬಲ್ ಸಿಕ್ಕವು. ನಾಲ್ಕಕ್ಕೆ ಇನ್ನೊಂದು ತುದಿಯೇ ಸಿಗಲಿಲ್ಲ.

ಹಾಳೆಯ ಮೇಲೆ ಕಂಡದ್ದು ಒಂದು ಸರಪಳಿ. ರೂಟರ್‌ನಿಂದ ಬಿಲ್ಲಿಂಗ್ ಕೋಣೆಯ ಸ್ವಿಚ್, ಅಲ್ಲಿಂದ ಮಹಡಿಯ ಮೇಲೆ ಮುನೀಮರ ಟೇಬಲ್, ಅಲ್ಲಿಂದ ಒಂದು ಕ್ಯಾಬಿನ್‌ಗೆ, ಇನ್ನೊಂದು ಕಿಟಕಿಯಿಂದ ಹೊರಗೆ ಗೋದಾಮಿಗೆ, ಗೋದಾಮಿನಿಂದ ಗೇಟಿನ ಕಾಟಾ ಕೋಣೆಗೆ. ಟ್ಯಾಲಿ (ಲೆಕ್ಕಪತ್ರದ ಸಾಫ್ಟ್‌ವೇರ್) ಡೇಟಾ ಇದ್ದ ಸರ್ವರ್ ಮಷೀನ್ ಮಹಡಿ ಮೇಲೆ, ಬಿಲ್ ಮಾಡುವ ಆರು ಕಂಪ್ಯೂಟರ್ ಕೆಳಗೆ. ನಡುವೆ ಮುನೀಮರ ಟೇಬಲ್‌ನ ಆ ಹಳೇ ಸ್ವಿಚ್ 100 ಮೆಗಾಬಿಟ್‌ನದು. ಉಳಿದವು ಗಿಗಾಬಿಟ್, ಅಂದರೆ ಅದರ ಹತ್ತು ಪಟ್ಟು ವೇಗದವು, ಆಗಿದ್ದರೂ ಏನು ಬಂತು? ಎಲ್ಲರೂ ಆ ಸಂದಿಯಲ್ಲೇ ನುಸುಳಬೇಕು. 100 ಮೆಗಾಬಿಟ್ ಅಂದರೆ ಸೆಕೆಂಡಿಗೆ ಸುಮಾರು 11 ಮೆಗಾಬೈಟ್. 10 ಜಿಬಿ ಬ್ಯಾಕಪ್‌ಗೆ ಹದಿನೈದು ನಿಮಿಷ ಹಿಡಿಯುತ್ತದೆ. ಗಿಗಾಬಿಟ್ ದಾರಿಯಲ್ಲಿ, ಡಿಸ್ಕ್ ವೇಗದ್ದಾಗಿದ್ದರೆ, ಒಂದೂವರೆ ನಿಮಿಷದ ಕೆಲಸ ಅದು. "ಸಂಜಿ ಬ್ಯಾಕಪ್ ಹಚ್ಚಿದ್ರ ಬಿಲ್ ನಿಂದರ್ತದ" ಅಂತ ಮುನೀಮರು ವರ್ಷದಿಂದ ಹೇಳುತ್ತಿದ್ದರು. ಕಂಪ್ಯೂಟರ್ ಹಳೇದಾಗಿದೆ ಅಂತ ಎಲ್ಲರೂ ಅಂದುಕೊಂಡಿದ್ದರು.

ಹೊಸ ನಕ್ಷೆಗೆ ನಾನು ಇಟ್ಟುಕೊಂಡದ್ದು ಒಂದೇ ನಿಯಮ. ಒಂದು ಬೊಡ್ಡೆ, ಅದರಿಂದ ಕೊಂಬೆ. ಯಾವ ಎರಡು ಕಂಪ್ಯೂಟರ್ ತೆಗೆದುಕೊಂಡರೂ ನಡುವಿನ ದಾರಿ ಒಂದೇ ಇರಬೇಕು, ಚಿಕ್ಕದಿರಬೇಕು. ಮೇಲಿನ ಅಕೌಂಟ್ಸ್ ಕೋಣೆಯಲ್ಲಿ 24 ಪೋರ್ಟಿನ ಗಿಗಾಬಿಟ್ ಮ್ಯಾನೇಜ್ಡ್ ಸ್ವಿಚ್, ಅಂದರೆ ಒಳಗಿನ ಸೆಟ್ಟಿಂಗ್ ನಾವೇ ಬದಲಿಸಬಹುದಾದದ್ದು, ಬೊಡ್ಡೆಯಾಯಿತು. ಸರ್ವರ್, ರೂಟರ್ ನೇರ ಅದಕ್ಕೇ. ಕ್ಯಾಬಿನ್‌ಗೆ ಸ್ವಿಚ್ ಬೇಡ ಅಂದೆ, ಮೂರು ಕೇಬಲ್ ನೇರ ಎಳೆದೆ. ಕೆಳಗೆ ಒಂದು 16 ಪೋರ್ಟಿನದು, ಕಾಟಾ ಕೋಣೆಯಲ್ಲಿ ಒಂದು 8 ಪೋರ್ಟಿನದು. ಇವೂ ಮ್ಯಾನೇಜ್ಡ್. ಐದು ಇದ್ದಲ್ಲಿ ಮೂರು ಸಾಕಾದವು. ಒಂದು ಸ್ವಿಚ್ ಉಳಿಸಲು ಎರಡು ಕೇಬಲ್ ಜಾಸ್ತಿ ಎಳೆಯಬೇಕಾದರೆ ಎಳೆಯಿರಿ ಅನ್ನೋದು ನನ್ನ ಅಭಿಪ್ರಾಯ. ಕೇಬಲ್‌ಗೆ ಕರೆಂಟ್ ಬೇಕಾಗಿಲ್ಲ.

ಆ 24 ಪೋರ್ಟಿನದನ್ನು ಎಲ್ಲಿಡುವುದು ಅನ್ನೋದಕ್ಕೂ ಒಂದು ದಿನ ಯೋಚಿಸಿದೆ. ಮೆಟ್ಟಿಲ ಮೇಲಿನ ತಗಡಿನ ಅಟ್ಟ ಖಾಲಿ ಇತ್ತು. ಎಲ್ಲರೂ ಅಲ್ಲೇ ಇಡ್ರಿ ಅಂದರು. ಫ್ಯಾನ್ ಇಲ್ಲದ ಎಷ್ಟೋ ಸಣ್ಣ ಸ್ವಿಚ್‌ಗಳ ಬಾಕ್ಸ್ ಮೇಲೆ 40 ಡಿಗ್ರಿವರೆಗೆ ಅಂತ ಬರೆದಿರುತ್ತದೆ. ನಮ್ಮಲ್ಲಿ ಮೇ ತಿಂಗಳಲ್ಲಿ ನೆರಳಿನಲ್ಲೇ ಅದು ದಾಟುತ್ತದೆ. ತಗಡಿನ ಕೆಳಗೆ ಕೇಳಬೇಕೇ? ಅಕೌಂಟ್ಸ್ ಕೋಣೆಯ ಒಳಗೋಡೆಗೆ, ಬಿಸಿಲು ಬೀಳದ ಕಡೆ ಜಾಲರಿ ಬಾಗಿಲಿನ ಸಣ್ಣ ರ‍್ಯಾಕ್ ಕೂಡಿಸಿದೆ. ಬೇಳೆ ಹೊಟ್ಟಿನ ದೂಳು ಮಿಲ್‌ನಲ್ಲಿ ಎಲ್ಲಿದ್ದರೂ ಬರುತ್ತದೆ. ಹಳೇ ಗೋದಾಮು ಸ್ವಿಚ್ ಬಿಚ್ಚಿದಾಗ ಒಳಗೆ ಹಳದಿ ಹಿಟ್ಟು ಮೆತ್ತಿಕೊಂಡು ಚಿಪ್ಪೇ ಕಾಣುತ್ತಿರಲಿಲ್ಲ.

ಕೇಬಲ್ ತುದಿಗಳದು ದೊಡ್ಡ ಕಥೆ. ಬಿಲ್ಲಿಂಗ್ ಕೋಣೆಯಿಂದ ಮೇಲೆ ಬರುವ ಕೇಬಲ್ ಗಿಗಾಬಿಟ್‌ಗೆ ಸಾಕಾಗುವ ಕ್ಯಾಟ್ 6 ದರ್ಜೆಯದು, ಚೆನ್ನಾಗಿಯೇ ಇತ್ತು. ಅದನ್ನೇ ಬಳಸೋಣ ಅಂದುಕೊಂಡೆ. ಟೆಸ್ಟರ್ ಹಾಕಿದೆ, ಒಂದರಿಂದ ಎಂಟು ದೀಪ ಸಾಲಾಗಿ ಹತ್ತಿದವು. ಆದರೆ ಸ್ವಿಚ್‌ಗೆ ಹಾಕಿದರೆ ಗಿಗಾಬಿಟ್ ನಿಲ್ಲುತ್ತಿರಲಿಲ್ಲ. ಒಮ್ಮೆ ಹತ್ತುವುದು, ಒಮ್ಮೆ 100ಕ್ಕೆ ಬೀಳುವುದು. ಕನೆಕ್ಟರನ್ನು ಕಿಟಕಿ ಬೆಳಕಿಗೆ ಹಿಡಿದು ಬಣ್ಣ ಎಣಿಸಿದೆ. ಕೇಸರಿ-ಬಿಳಿ, ಕೇಸರಿ, ಹಸಿರು-ಬಿಳಿ, ಹಸಿರು, ನೀಲಿ-ಬಿಳಿ, ನೀಲಿ, ಕಂದು-ಬಿಳಿ, ಕಂದು. ನೋಡಲು ಅಚ್ಚುಕಟ್ಟು, ಜೋಡಿ ಜೋಡಿಯಾಗಿ ಕೂತಿವೆ. ಎರಡೂ ಕಡೆ ಹೀಗೇ ಇತ್ತು.

"ಎರಡೂ ಕಡೆ ಒಂದೇ ಥರ ಇದ್ರ ಸಾಕು" ಅನ್ನೋ ಮಾತು ನಮ್ಮಲ್ಲಿ ಬಹಳ ಓಡಾಡುತ್ತದೆ. ನಾನೂ ಮೊದಲು ಹಾಗೇ ಕಲಿತವನು. ಅದು ಸುಳ್ಳು. ಒಳಗಿನ ಎಂಟು ತಂತಿಗಳು ನಾಲ್ಕು ಜೋಡಿಯಾಗಿ ಹೆಣೆದಿರುವುದು ಚೆಂದಕ್ಕಲ್ಲ. ಒಂದು ಜೋಡಿಯ ಎರಡೂ ತಂತಿಯಲ್ಲಿ ಒಂದೇ ಸಂಕೇತ ಉಲ್ಟಾ ಸುಲ್ಟಾ ಹೋಗುತ್ತದೆ. ಹೆಣೆದಿರುವುದರಿಂದ ಹೊರಗಿನ ಗದ್ದಲ ಎರಡಕ್ಕೂ ಸಮ ಬಿದ್ದು ಕಳೆದು ಹೋಗುತ್ತದೆ. ಪೋರ್ಟ್‌ನಲ್ಲಿ 1 ಮತ್ತು 2 ಒಂದು ಜೋಡಿ, 3 ಮತ್ತು 6 ಒಂದು ಜೋಡಿ, 4 ಮತ್ತು 5 ಒಂದು, 7 ಮತ್ತು 8 ಒಂದು. ಆ ಮೂರು-ಆರು ಮುಖ್ಯ. ಮೇಲಿನಂತೆ ಸಾಲಾಗಿ ಕೂಡಿಸಿದರೆ ಮೂರನೆಯದು ಹಸಿರು ಜೋಡಿಯದು, ಆರನೆಯದು ನೀಲಿ ಜೋಡಿಯದು ಆಗುತ್ತದೆ. ಬೇರೆ ಬೇರೆ ಹೆಣಿಗೆಯ ತಂತಿಗಳನ್ನು ಗಂಟು ಹಾಕಿದಂತೆ. ಅಗ್ಗದ ಟೆಸ್ಟರ್‌ಗೆ ತಂತಿ ಈ ತುದಿಯಿಂದ ಆ ತುದಿಗೆ ಮುಟ್ಟಿದೆಯೋ ಇಲ್ಲವೋ ಅಷ್ಟೇ ಗೊತ್ತು. ಜೋಡಿ ಸರಿಯಿದೆಯೋ ಅದಕ್ಕೆ ಗೊತ್ತಾಗುವುದಿಲ್ಲ.

ಸರಿಯಾದ ಸಾಲು ಇದು: ಕೇಸರಿ-ಬಿಳಿ, ಕೇಸರಿ, ಹಸಿರು-ಬಿಳಿ, ನೀಲಿ, ನೀಲಿ-ಬಿಳಿ, ಹಸಿರು, ಕಂದು-ಬಿಳಿ, ಕಂದು. ಹಸಿರು ಜೋಡಿಯ ನಡುವೆ ನೀಲಿ ಜೋಡಿ ಕೂರುತ್ತದೆ. ಎರಡೂ ತುದಿ ಕತ್ತರಿಸಿ ಹೀಗೆ ಹೊಸದಾಗಿ ಕ್ರಿಂಪ್ ಮಾಡಿದೆ. ಹೆಣಿಗೆಯನ್ನು ಅರ್ಧ ಇಂಚಿಗಿಂತ ಜಾಸ್ತಿ ಬಿಚ್ಚಲಿಲ್ಲ. ಗಿಗಾಬಿಟ್ ದೀಪ ಹತ್ತಿದ್ದು ಹತ್ತಿದಂತೆಯೇ ಇದೆ. ಅವತ್ತು ಅದೇ ಕೇಬಲ್‌ನಲ್ಲಿ ಬ್ಯಾಕಪ್ ಓಡಿಸಿ ತೋರಿಸಿದಾಗ ಮುನೀಮರು ಗಡಿಯಾರ ನೋಡುತ್ತಾ ನಿಂತುಬಿಟ್ಟರು.

ಹೊಸ ಕೇಬಲ್ ತರುವಾಗ ಒಂದು ಎಚ್ಚರಿಕೆ. ಅಗ್ಗಕ್ಕೆ ಸಿಗುವ ಎಷ್ಟೋ ಕೇಬಲ್‌ಗಳ ಒಳಗೆ ಇರುವುದು ತಾಮ್ರದ ಲೇಪ ಹಚ್ಚಿದ ಅಲ್ಯೂಮಿನಿಯಂ. ತಂತಿಯನ್ನು ಬ್ಲೇಡಿನಿಂದ ಕೆರೆದರೆ ಬೆಳ್ಳಗೆ ಕಾಣುತ್ತದೆ, ನಾಲ್ಕು ಸಲ ಬಗ್ಗಿಸಿದರೆ ತುಂಡಾಗುತ್ತದೆ. ಕ್ಯಾಮೆರಾಕ್ಕೆ ಅದೇ ಕೇಬಲ್‌ನಲ್ಲಿ ಕರೆಂಟ್ ಕೊಡುವುದಾದರೆ ಇನ್ನೂ ಕಷ್ಟ, ಬಿಸಿಯಾಗುತ್ತದೆ. ಅಂಗಡಿಯಲ್ಲೇ ಕೆರೆದು ನೋಡಿ ತನ್ನಿ.

ಕಾಟಾ ಕೋಣೆಯ ದಾರಿಗೆ ಬರುತ್ತೇನೆ. ಆಫೀಸಿನಿಂದ ಅಲ್ಲಿಗೆ 130 ಮೀಟರ್. ತಾಮ್ರದ ಕೇಬಲ್‌ಗೆ ಗಡಿ 100 ಮೀಟರ್. ಅದಕ್ಕೇ ಹಿಂದಿನವರು ನಡುವೆ ಗೋದಾಮಿನ ಗೋಡೆಗೆ ಮೊಳೆ ಹೊಡೆದು ಐದು ಪೋರ್ಟಿನ ಸ್ವಿಚ್ ತೂಗುಹಾಕಿದ್ದರು. ಸ್ವಿಚ್ ಪ್ರತಿ ಫ್ರೇಮನ್ನು ಹೊಸದಾಗಿ ಕಳಿಸುವುದರಿಂದ ಅಲ್ಲಿಂದ ಮತ್ತೆ 100 ಮೀಟರ್ ಸಿಗುತ್ತದೆ. ಲೆಕ್ಕ ಸರಿ ಇತ್ತು. ಆದರೆ ಅದರ ಪ್ಲಗ್ ಗೋದಾಮಿನ ಲೈಟಿನ ಬೋರ್ಡ್‌ನಲ್ಲಿತ್ತು. ಹಮಾಲರು ಕೆಲಸ ಮುಗಿಸಿ ಮೇನ್ ಆಫ್ ಮಾಡಿದರೆ ಕಾಟಾ ಕಂಪ್ಯೂಟರ್ ಆಫೀಸಿನಿಂದ ಕಳಚಿಕೊಳ್ಳುತ್ತಿತ್ತು. ಮಧ್ಯಾಹ್ನದ ಊಟದ ಹೊತ್ತಿಗೆ ಯಾಕೆ ನೆಟ್ ಹೋಗುತ್ತದೆ ಅಂತ ಎರಡು ವರ್ಷ ಯಾರಿಗೂ ತಿಳಿದಿರಲಿಲ್ಲ.

ಇನ್ನೊಂದು ತೊಂದರೆ ಸಿಡಿಲು. ಮುಂಗಾರಿಗೆ ಮುಂಚಿನ ಮಳೆಯಲ್ಲಿ ನಮ್ಮ ಬಯಲಿನಲ್ಲಿ ಸಿಡಿಲು ಜೋರು. ಬಯಲಲ್ಲಿ ಹಾದು ಹೋಗುವ ತಾಮ್ರದ ಉದ್ದ ಕೇಬಲ್, ಹತ್ತಿರ ಎಲ್ಲೋ ಸಿಡಿಲು ಬಿದ್ದರೂ ಆ ಹೊಡೆತವನ್ನು ಒಳಗೆ ತರುತ್ತದೆ. ಅಲ್ಲಿ ಎರಡು ಸಲ ಪೋರ್ಟ್ ಸುಟ್ಟಿತ್ತು. ಹೀಗಾಗಿ ಎರಡು ಕಟ್ಟಡಗಳ ನಡುವೆ ಫೈಬರ್ ಅಂತ ಹಟ ಹಿಡಿದೆ. ಗಾಜಿನಲ್ಲಿ ಬೆಳಕು ಹೋಗುತ್ತದೆ, ಕರೆಂಟ್ ಹೋಗುವುದಿಲ್ಲ. ಒಳಗೆ ಲೋಹದ ಕವಚ ಇಲ್ಲದ ಕೇಬಲನ್ನೇ ಆರಿಸಿದೆ. ಉಕ್ಕಿನ ಕವಚ ಇದ್ದರೆ ಅದೇ ಮತ್ತೆ ಸಿಡಿಲಿಗೆ ದಾರಿ, ಅದನ್ನು ಸರಿಯಾಗಿ ಅರ್ಥ್ ಮಾಡಬೇಕಾಗುತ್ತದೆ. ಕವಚ ಇಲ್ಲದ್ದಕ್ಕೆ ಹೆಗ್ಗಣದ ಭಯ. ಅದಕ್ಕೆ ಗಟ್ಟಿ ಪ್ಲಾಸ್ಟಿಕ್ ಪೈಪ್‌ನಲ್ಲಿ ಹಾಕಿದೆ. ಅಂಗಳದ ಶಹಾಬಾದ್ ಫರ್ಸಿ ಕಲ್ಲುಗಳನ್ನು ಎಬ್ಬಿಸಿ, ಲಾರಿ ತಿರುಗುವ ಜಾಗದಲ್ಲಿ ಇನ್ನಷ್ಟು ಆಳಕ್ಕೆ ತೋಡಿಸಿ ಪೈಪ್ ಇಳಿಸಿದೆವು. ಆರು ಎಳೆಯ ಕೇಬಲ್, ಬಳಸುವುದು ಎರಡೇ. ಮತ್ತೆ ಅಂಗಳ ಅಗೆಯುವ ಖರ್ಚಿನ ಮುಂದೆ ನಾಲ್ಕು ಎಳೆ ಏನೂ ಅಲ್ಲ.

ಎಳೆ ಕೂಡಿಸಲು ಸ್ಪ್ಲೈಸಿಂಗ್ ಮಷೀನ್ ಇರುವ ಹುಡುಗನನ್ನು ಕರೆಸಿದೆ. ಸಿಂಗಲ್ ಮೋಡ್ ಫೈಬರ್‌ನಲ್ಲಿ ಬೆಳಕು ಓಡುವ ನಡುಭಾಗ 9 ಮೈಕ್ರಾನ್ ಮಾತ್ರ, ತಲೆಗೂದಲಿಗಿಂತ ಎಷ್ಟೋ ಸಣ್ಣದು. ಅವನು ಕಾಟಾ ಕೋಣೆಯ ಟೇಬಲ್ ಒರೆಸಿ, ಫ್ಯಾನ್ ಬಂದ್ ಮಾಡಿಸಿ ಕೂತ. ಮಷೀನಿನ ಪರದೆಯ ಮೇಲೆ ಎರಡು ಎಳೆಗಳು ಎದುರುಬದುರು ಬಂದು, ಒಂದು ಕಿಡಿ ಹಾರಿ, ಒಂದೇ ಆದವು. ಕೋಣೆಯಲ್ಲಿದ್ದವರೆಲ್ಲ ಉಸಿರು ಹಿಡಿದು ನೋಡುತ್ತಿದ್ದೆವು. ಎರಡೂ ಕಡೆಯ ಸ್ವಿಚ್‌ನಲ್ಲಿ ಎಸ್‌ಎಫ್‌ಪಿ ಮಾಡ್ಯೂಲ್ (ಸ್ವಿಚ್‌ನ ಸಂಕೇತವನ್ನು ಬೆಳಕಾಗಿ ಬದಲಿಸುವ ತುಂಡು) ಹಾಕಿದೆ, ಎರಡೂ 1310 ನ್ಯಾನೋಮೀಟರ್‌ನವು. ಲಿಂಕ್ ಬರಲಿಲ್ಲ. ಒಂದು ಕಡೆಯ ಎರಡು ತುದಿಗಳನ್ನು ಅದಲು ಬದಲು ಮಾಡಿದೆ, ಬಂತು. ಈ ಕಡೆ ಕಳಿಸುವುದು ಆ ಕಡೆ ಕೇಳುವುದಕ್ಕೆ ಹೋಗಬೇಕು, ಅಷ್ಟೇ. ಬೆಳಕು ಬರುತ್ತಿದೆಯಾ ಅಂತ ತುದಿಯೊಳಗೆ ಇಣುಕಬೇಡಿ. ಆ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣನ್ನು ಹಾಳು ಮಾಡಬಲ್ಲದು.

ಗೇಟಿನ ಕ್ಯಾಮೆರಾಗಳೂ ಇದೇ ದಾರಿಯಲ್ಲಿ ಬರಬೇಕಿತ್ತು. ಅವಕ್ಕೆ ಬೇರೆ ವಿಲ್ಯಾನ್ ಕೊಟ್ಟೆ, ಅಂದರೆ ಅದೇ ದಾರಿಯಲ್ಲಿ ಬೇರೆಯಾಗಿ ಓಡುವ ನೆಟ್‌ವರ್ಕ್. ಮೊದಲ ದಿನ ಪರದೆ ಕಪ್ಪಾಗಿತ್ತು. ಬೊಡ್ಡೆ ಸ್ವಿಚ್‌ನಲ್ಲಿ ಕ್ಯಾಮೆರಾ ವಿಲ್ಯಾನ್‌ಗೆ ಟ್ಯಾಗ್ (ಗುರುತಿನ ನಂಬರ್) ಹಾಕಿದ್ದೆ, ಕಾಟಾ ಕಡೆಯ ಪೋರ್ಟ್‌ನಲ್ಲಿ ಮರೆತಿದ್ದೆ. ಎರಡೂ ಕಡೆ ಒಂದೇ ಥರ ಇದ್ದರೆ ಸಾಕು ಅನ್ನೋ ಮಾತು ಇಲ್ಲಿ ನಿಜ.

ಲೂಪ್ ಮತ್ತೆ ಆಗದಂತೆ ಆರ್‌ಎಸ್‌ಟಿಪಿ ಆನ್ ಮಾಡಿದೆ. ಸ್ವಿಚ್‌ಗಳು ಪರಸ್ಪರ ಮಾತಾಡಿಕೊಂಡು, ಒಂದನ್ನು ಬೇರು ಅಂತ ಆರಿಸಿ, ಸುತ್ತು ಆಗುವ ದಾರಿಯನ್ನು ತಾವೇ ಮುಚ್ಚುವ ಪದ್ಧತಿ ಇದು. ಇದರ ಮೂಲ ಪದ್ಧತಿಯನ್ನು 1985ರಲ್ಲಿ ಕಂಡುಹಿಡಿದವರು ರಾಡಿಯಾ ಪರ್ಲ್‌ಮನ್ ಎಂಬ ಅಮೆರಿಕದ ಮಹಿಳೆ. ನನ್ನ ಹತ್ತಿರ ಕೆಲಸ ಕಲಿಯಲು ಬರುವ ಹುಡುಗಿಯರಿಗೆ ಈ ಹೆಸರನ್ನು ನಾನು ಬೇಕಂತಲೇ ಹೇಳುತ್ತೇನೆ. ಹಳೇ ಪದ್ಧತಿಗೆ ದಾರಿ ಬದಲಿಸಲು 30ರಿಂದ 50 ಸೆಕೆಂಡ್ ಬೇಕಿತ್ತು, 2001ರಲ್ಲಿ ಬಂದ ಈ ಹೊಸದಕ್ಕೆ ಕೆಲವೇ ಸೆಕೆಂಡ್ ಸಾಕು. ಬೇರು ಯಾರಾಗಬೇಕು ಅನ್ನೋದನ್ನು ಸ್ವಿಚ್‌ಗಳಿಗೇ ಬಿಡಬೇಡಿ. ಅಂಕೆ ಕಡಿಮೆ ಇದ್ದದ್ದೇ ಬೇರು, ಆದರೆ ಎಲ್ಲವೂ 32768 ಅನ್ನೋ ಒಂದೇ ಅಂಕೆಯಿಂದ ಹೊರಡುತ್ತವೆ. ಸಮ ಆದಾಗ ಮ್ಯಾಕ್ ನಂಬರ್ (ಕಾರ್ಖಾನೆಯಲ್ಲೇ ಕೊಟ್ಟ ಗುರುತು) ಕಡಿಮೆ ಇದ್ದದ್ದು ಗೆಲ್ಲುತ್ತದೆ. ಅದು ಗೇಟಿನ ಸಣ್ಣ ಸ್ವಿಚ್ಚೂ ಆಗಬಹುದು. ಬೊಡ್ಡೆ ಸ್ವಿಚ್‌ಗೆ 4096 ಕೊಟ್ಟೆ.

ಆನ್ ಮಾಡಿದರೆ ಸಾಲದು, ಪರೀಕ್ಷೆ ಮಾಡಬೇಕು. ಭಾನುವಾರ ಆಫೀಸ್ ಖಾಲಿ ಇದ್ದಾಗ ಒಂದು ಕೇಬಲ್‌ನ ಎರಡೂ ತುದಿಯನ್ನು ಕೆಳಗಿನ ಸ್ವಿಚ್‌ಗೇ ಹಾಕಿದೆ. ಎದೆ ಹೊಡೆದುಕೊಳ್ಳುತ್ತಿತ್ತು. "ಇದ್ದೀಯಾ?" ಅಂತ ಸರ್ವರನ್ನು ಮತ್ತೆ ಮತ್ತೆ ಕೇಳುವ ಪಿಂಗ್ ಹಚ್ಚಿದ್ದೆ. ಅದಕ್ಕೆ ಒಂದು ಉತ್ತರ ತಪ್ಪಿತು, ಮುಂದಿನದು ಬಂತು. ಆಮೇಲೆ ಬಜಾರಿನ ಅಗ್ಗದ ಐದು ಪೋರ್ಟಿನದನ್ನು ತಗಲಿಸಿ ಅದರಲ್ಲಿ ಲೂಪ್ ಮಾಡಿದೆ. ಅಂಥ ಕೆಲವು ಸ್ವಿಚ್‌ಗಳು ಆರ್‌ಎಸ್‌ಟಿಪಿ ಸಂದೇಶವನ್ನು ದಾಟಿಸುವುದೇ ಇಲ್ಲ. ಆಗ ಬೊಡ್ಡೆಗೆ ಸುತ್ತು ಗೊತ್ತಾಗುವುದಿಲ್ಲ. ಲೂಪ್ ಪ್ರೊಟೆಕ್ಷನ್ ಅಂತ ಬೇರೆ ಒಂದು ಸೆಟ್ಟಿಂಗ್ ಇತ್ತು, ಅದನ್ನೂ ಆನ್ ಮಾಡಿದ ಮೇಲೆ ಆ ಪೋರ್ಟ್ ಒಂದೇ ಬಂದ್ ಆಯಿತು, ಉಳಿದದ್ದು ನಡೆಯಿತು.

ಮೂರೂ ಸ್ವಿಚ್‌ಗಳನ್ನು ಯುಪಿಎಸ್ ಮೇಲೆ ಹಾಕಿದೆ. ಕಂಪ್ಯೂಟರ್ ಎಲ್ಲ ಯುಪಿಎಸ್ ಮೇಲಿದ್ದು ಸ್ವಿಚ್ ಮಾತ್ರ ಗೋಡೆಯ ಪ್ಲಗ್‌ನಲ್ಲಿದ್ದರೆ ಕರೆಂಟ್ ಹೋದಾಗ ಟ್ಯಾಲಿ ಅರ್ಧಕ್ಕೆ ಕಡಿಯುತ್ತದೆ. ಕ್ಯಾಬಿನ್‌ನ ವೈಫೈ ಡಬ್ಬಿ ತಾನೂ ಐಪಿ ಹಂಚುತ್ತಿತ್ತು, ಅದರ ಡಿಎಚ್‌ಸಿಪಿ ಬಂದ್ ಮಾಡಿದೆ. ಒಂದು ಆಫೀಸಿಗೆ ನಂಬರ್ ಕೊಡುವವರು ಒಬ್ಬರೇ ಇರಬೇಕು.

ಕೊನೆಯ ದಿನ ಪೂರ್ತಿ ಚೀಟಿ ಅಂಟಿಸಿದ್ದೇ ಆಯಿತು. ಬಳಕೆಯಲ್ಲಿದ್ದ ಪ್ರತಿ ಕೇಬಲ್‌ಗೆ ಎರಡೂ ತುದಿಯಲ್ಲಿ ಒಂದೇ ನಂಬರ್. ಸ್ವಿಚ್‌ನಿಂದ ಸ್ವಿಚ್‌ಗೆ ಹೋಗುವವು ಕೆಂಪು ಕೇಬಲ್, ಉಳಿದವು ಬೂದು. ಕೆಂಪನ್ನು ಯಾರೂ ಮುಟ್ಟಬಾರದು ಅಂತ ಹೇಳಿದೆ. ನಕ್ಷೆಯನ್ನು ಕನ್ನಡದಲ್ಲೇ ಬರೆದು ರ‍್ಯಾಕ್ ಬಾಗಿಲಿನ ಒಳಗೆ ಅಂಟಿಸಿದೆ. ಇನ್ನೊಂದು ಪ್ರತಿ ಮುನೀಮರ ಡ್ರಾವರ್‌ನಲ್ಲಿದೆ.

ಮರುವರ್ಷ ಜನವರಿಯಲ್ಲಿ, ಆವಕ ಜೋರಿದ್ದ ದಿನವೇ, ಆ ಆಫೀಸ್ ಹುಡುಗನ ಫೋನ್ ಬಂತು. "ಅಣ್ಣಾ, ಕಪಾಟ ಸರಸಿದ್ವಿ, ಹಿಂದ ಒಂದ್ ಕೇಬಲ್ ಸಿಕ್ಕದರಿ. ನಂಬರ್ ಇಲ್ಲ ಅದಕ. ಎಲ್ಲಿ ಹಾಕ್ಲಿ?"

"ಎಲ್ಲೂ ಹಾಕಬ್ಯಾಡಪ್ಪಾ, ಹಂಗೇ ಬಿಡು. ಸಂಜಿಗೆ ಬರ್ತೀನಿ" ಅಂದೆ.

ಸಂಜೆ ಹೋಗಿ ಎಳೆದು ನೋಡಿದೆವು. ನಾನು ತುದಿ ಸಿಗದೆ ಬಿಟ್ಟಿದ್ದ ಆ ನಾಲ್ಕರಲ್ಲಿ ಒಂದು. ಇನ್ನೊಂದು ತುದಿ ಗೋಡೆಯ ತೂತಿನಲ್ಲಿ, ಸುಣ್ಣದ ಕೆಳಗೆ ಮುಚ್ಚಿ ಹೋಗಿತ್ತು. ಅವನೇ ಕಟ್ಟರ್ ಹಿಡಿದು ಕತ್ತರಿಸಿ, ಸುತ್ತಿ ಕೈಯಲ್ಲಿ ಕೊಟ್ಟ.